ಸತ್ಯಭಾಮಾಳ ಎಡಗೆನ್ನೆ

ಡಾಕ್ಟರ್ ಶರಣ್ಯಾ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಚರ್ಮದ ಕ್ಲಿನಿಕ್ ತೆರೆದಾಗ ಅವರಿಗೆ ಬೇಕಿದ್ದದ್ದು ಒಳ್ಳೆಯ ಮುಖವಲ್ಲ, ಒಳ್ಳೆಯ ಧ್ವನಿ. ಸತ್ಯಭಾಮಾಳಿಗೆ ಆ ಧ್ವನಿ ಇತ್ತು. ಭದ್ರಾವತಿಯ ಕಾಗದನಗರದಲ್ಲಿ ಅವಳ ಮನೆ. ಗಂಡ ರವಿಶಂಕರ ಪೇಪರ್ ಮಿಲ್ಲಿನಲ್ಲಿದ್ದವನು. ಮಿಲ್ಲು ನಿಂತ ಮೇಲೆ ಒಂದು ಜೆರಾಕ್ಸ್ ಅಂಗಡಿ ಹಾಕಿ, ಅರ್ಧ ದಿನ ತೆರೆದು ಅರ್ಧ ದಿನ ಮುಚ್ಚಿ ಕಾಲ ತಳ್ಳುತ್ತಿದ್ದ. ಸತ್ಯಭಾಮಾ ಅದುವರೆಗೆ ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ಕೂತು, ಸಿಡಿಮಿಡಿ ಮಾಡುವ ತಂದೆತಾಯಿಯರನ್ನು ಫೋನಿನಲ್ಲೇ ತಣ್ಣಗೆ ಮಾಡುತ್ತಿದ್ದವಳು. ಶರಣ್ಯಾ ಅವಳ ಜೊತೆ ಒಮ್ಮೆ ಫೋನಿನಲ್ಲಿ ಮಾತಾಡಿ, ಮುಖ ನೋಡುವ ಮೊದಲೇ ಕೆಲಸಕ್ಕೆ ಬನ್ನಿ ಎಂದುಬಿಟ್ಟರು.

ಕ್ಲಿನಿಕ್ಕಿಗೆ ಬರುತ್ತಿದ್ದ ಫೋನುಗಳು ಹೆಚ್ಚುಕಮ್ಮಿ ಒಂದೇ ತರಹದವು. ಹೆಂಗಸರು ಮೊದಲು ಮೊಡವೆಯ ವಿಷಯ ತೆಗೆಯುತ್ತಿದ್ದರು, ಅದೂ ಇದೂ ಮಾತಾಡಿ ಕೊನೆಗೆ ದನಿ ತಗ್ಗಿಸಿ ಇಂಜೆಕ್ಷನ್ ವಿಷಯಕ್ಕೆ ಬರುತ್ತಿದ್ದರು. ತುಂಬಾ ನೋಯುತ್ತದೆಯೇ, ಎಷ್ಟು ತಿಂಗಳು ಇರುತ್ತದೆ, ಮುಖ ಬೊಂಬೆಯ ಹಾಗೆ ಆಗಿಬಿಡುತ್ತದೆಯೇ, ಮಧ್ಯದಲ್ಲಿ ಬಿಟ್ಟರೆ ಮೊದಲಿಗಿಂತ ಸುಕ್ಕಾಗುತ್ತದೆಯೇ, ಗಂಡನಿಗೆ ಗೊತ್ತಾಗುತ್ತದೆಯೇ. ಸತ್ಯಭಾಮಾ ಎಲ್ಲದಕ್ಕೂ ಉತ್ತರ ಕಲಿತಳು. ಹಣೆಯ ಗೆರೆಗೆ, ಕಣ್ಣಂಚಿನ ಗೆರೆಗೆ ಕೊಡುವ ಬೊಟಾಕ್ಸ್ ಬೇರೆ, ಅದು ಮೂರು ನಾಲ್ಕು ತಿಂಗಳಲ್ಲಿ ಇಳಿಯುತ್ತದೆ. ಬತ್ತಿದ ಕೆನ್ನೆಗೆ, ಮೂಗಿನಿಂದ ಬಾಯಿವರೆಗೆ ಇಳಿದ ಗೆರೆಗೆ ತುಂಬುವ ಫಿಲ್ಲರ್ ಬೇರೆ, ಅದು ವರ್ಷದ ಹತ್ತಿರ ಇರುತ್ತದೆ. ಬಿಟ್ಟರೆ ಮುಖ ಹಾಳಾಗುವುದಿಲ್ಲ, ಹೇಗಿತ್ತೋ ಹಾಗೆ ಆಗುತ್ತದೆ. ಊದಿಕೊಳ್ಳುವುದು, ಸ್ವಲ್ಪ ಕಂದುವುದು ಎಲ್ಲರಿಗೂ ಆಗುವಂಥದ್ದು. ಅವಳು ಹೇಳಿದರೆ ಅದು ಜ್ವರದ ಮಾತ್ರೆ ನುಂಗಿದಷ್ಟೇ ಸಲೀಸು ಅನ್ನಿಸುತ್ತಿತ್ತು.

ಫೋನಿನಲ್ಲಿ ಹೇಳಬಾರದ ಒಂದು ಮಾತನ್ನೂ ಡಾಕ್ಟರು ಮೊದಲ ವಾರವೇ ಅವಳನ್ನು ಕೂರಿಸಿಕೊಂಡು ಕಲಿಸಿದ್ದರು. ಫಿಲ್ಲರ್ ಅಪ್ಪಿತಪ್ಪಿ ರಕ್ತನಾಳಕ್ಕೆ ಹೋದರೆ ಅಲ್ಲಿ ರಕ್ತ ನಿಂತುಹೋಗುತ್ತದೆ. ಚರ್ಮ ಬಿಳಿಚಿಕೊಂಡು, ಸುತ್ತ ಬಲೆ ಹಾಸಿದಂತೆ ನೀಲಿಗಟ್ಟುತ್ತದೆ. ಹಾಗೆಂದು ಯಾರಾದರೂ ಫೋನ್ ಮಾಡಿದರೆ, ನಾನು ಊಟಕ್ಕೆ ಕೂತಿದ್ದರೂ ಎಬ್ಬಿಸಿ ಎಂದಿದ್ದರು. ಕರಗಿಸುವ ಇಂಜೆಕ್ಷನ್ ಇದೆ, ಬೇಗ ಕೊಟ್ಟರೆ ಏನೂ ಆಗುವುದಿಲ್ಲ. ತಡವಾದರೆ ಚರ್ಮ ಸಾಯುತ್ತದೆ.

ವಿಚಾರಿಸುವವರು ಬಹಳ ಇದ್ದರು, ಮಾಡಿಸಿಕೊಳ್ಳುವವರು ಇರಲಿಲ್ಲ. ಗೋಡೆಯ ಮೇಲೆ ಹಾಕಿದ ಮೊದಲಿನ, ಆಮೇಲಿನ ಫೋಟೋಗಳನ್ನು ನೋಡಿ, ಇದೆಲ್ಲ ಮೊಬೈಲಿನಲ್ಲಿ ತಿದ್ದಿದ್ದು ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಶರಣ್ಯಾ ತಮ್ಮ ಕೋಣೆಯಿಂದ ಹೊರಗೆ ಬಂದು, ಸತ್ಯಭಾಮಾಳ ಗಲ್ಲ ಹಿಡಿದು ಕಿಟಕಿಯ ಕಡೆಗೆ ತಿರುಗಿಸಿ, ಬಹಳ ಹೊತ್ತು ನೋಡಿದರು. ನಲವತ್ತಾರರ ಮುಖ. ಮಿಲ್ಲು ನಿಂತ ಮೇಲಿನ ವರ್ಷಗಳು ಅದರ ಮೇಲೆ ಎರಡೆರಡು ಸಲ ನಡೆದುಹೋದ ಹಾಗಿತ್ತು.

"ಸತ್ಯಭಾಮಾ ಅವ್ರೇ, ನಿಮಗೆ ಎಡಗಡೆ ಮಾತ್ರ ಮಾಡ್ತೀನಿ," ಎಂದರು ಡಾಕ್ಟರು. "ಬಲಗಡೆ ಹಾಗೇ ಇರ್ಲಿ. ಎದುರಿಗೆ ಕೂತಿರೋ ಮನುಷ್ಯರ ಮುಖ ಯಾರೂ ತಿದ್ದಿದ್ದು ಅನ್ನಲ್ಲ. ಮೂರು ತಿಂಗಳು ಅಷ್ಟೇ, ಆಮೇಲೆ ಇನ್ನೊಂದು ಕಡೆನೂ ಮಾಡ್ಕೊಡ್ತೀನಿ."

ಸತ್ಯಭಾಮಾ ಆಗಲಿ ಎಂದಳು. ಬೇಡ ಎನ್ನುವ ಧೈರ್ಯ ಇರಲಿಲ್ಲ ಎನ್ನುವುದು ಅರ್ಧ ನಿಜ. ಇಷ್ಟು ದಿನ ಬೇರೆಯವರಿಗೆ ಹೇಳಿ ಹೇಳಿ ತನಗೂ ಆಸೆ ಹುಟ್ಟಿತ್ತು ಎನ್ನುವುದು ಇನ್ನರ್ಧ.

ಎರಡು ವಾರದಲ್ಲಿ ಎಡಗಡೆಯ ಹಣೆ ಇಸ್ತ್ರಿ ಮಾಡಿದ ಹಾಗಾಯಿತು. ಕಣ್ಣಂಚಿನ ಗೆರೆ ಮಾಯವಾಯಿತು, ಕೆನ್ನೆ ತುಂಬಿತು. ಬಲಗಡೆ ಮೊದಲಿನ ಹಾಗೇ ಇತ್ತು. ಆದರೆ ಪಕ್ಕದಲ್ಲಿ ಇಂಥದ್ದೊಂದು ಬಂದು ಕೂತ ಮೇಲೆ ಅದು ಮೊದಲಿಗಿಂತ ಹಳೆಯದಾಗಿ, ಜೋತುಬಿದ್ದ ಹಾಗೆ ಕಾಣತೊಡಗಿತು. ನಕ್ಕರೆ ಒಂದೇ ಕಣ್ಣು ನಗುತ್ತಿತ್ತು.

ಕ್ಲಿನಿಕ್ಕಿಗೆ ಮಾತ್ರ ಜನ ಬಂದರು. ಅಡಿಕೆ ಮಂಡಿಯ ಸಾಹುಕಾರರ ಸೊಸೆಯಂದಿರು, ಕಾಲೇಜಿನ ಮೇಡಂಗಳು, ಮಗಳ ಮದುವೆ ಗೊತ್ತಾದ ತಾಯಂದಿರು. ಅವರು ಸತ್ಯಭಾಮಾಳ ಮುಂದೆ ಕೂತು ಅವಳನ್ನು ಎಡಕ್ಕೆ ತಿರುಗಿಸುತ್ತಿದ್ದರು, ಬಲಕ್ಕೆ ತಿರುಗಿಸುತ್ತಿದ್ದರು. ಬೆರಳಿನಿಂದ ಕೆನ್ನೆ ಒತ್ತಿ ನೋಡುತ್ತಿದ್ದರು, ಮಾಗಿದೆಯೋ ಇಲ್ಲವೋ ಎಂದು ಹಣ್ಣು ಒತ್ತಿ ನೋಡುವ ಹಾಗೆ. ಒಬ್ಬಾಕೆ ತನ್ನ ಅಂಗೈಯಿಂದ ಅವಳ ಬಲಗಡೆ ಮುಚ್ಚಿ, ಆಮೇಲೆ ಎಡಗಡೆ ಮುಚ್ಚಿ, ಪಕ್ಕದವಳಿಗೆ ಹೀಗೆ ನೋಡು, ಈಗ ಹೀಗೆ ನೋಡು ಎಂದು ತೋರಿಸಿದಳು. ಇನ್ನೊಬ್ಬಾಕೆ ಬಲಗೆನ್ನೆಯ ಕಡೆ ಬೆರಳು ಮಾಡಿ, ತಾನು ಹೀಗಾಗುವ ಮೊದಲು ಮಾಡಿಸಿಕೊಂಡುಬಿಡಬೇಕು ಎಂದಳು. ಸತ್ಯಭಾಮಾ ಕೇಳಿದ್ದಕ್ಕೆಲ್ಲ ಅದೇ ತಣ್ಣನೆ ಧ್ವನಿಯಲ್ಲಿ ಉತ್ತರ ಕೊಟ್ಟಳು.

ಮನೆಯಲ್ಲಿ ರವಿಶಂಕರ ಮೊದಲು ನಕ್ಕ. ಟೀ ಅಂಗಡಿಯಲ್ಲಿ ಹಳೆಯ ಮಿಲ್ಲಿನ ಗೆಳೆಯರು ನಿನಗೆ ಇಬ್ಬರು ಹೆಂಡಿರು ಎಂದು ಆಡಿಕೊಳ್ಳಲು ಶುರುಮಾಡಿದ ಮೇಲೆ ನಗು ನಿಲ್ಲಿಸಿದ. ಆಮೇಲೆ ಅವಳ ಜೊತೆ ಮಾತಾಡಬೇಕಾದಾಗ ಟಿವಿ ನೋಡುತ್ತಲೇ ಮಾತಾಡುತ್ತಿದ್ದ. ಮಗಳು ಸ್ಫೂರ್ತಿ ಬಿಕಾಂ ಓದುತ್ತಿದ್ದಳು. ಕಾಲೇಜಿನ ಬೀಳ್ಕೊಡುಗೆಗೆ ಅಮ್ಮ ಹೊರಟು ನಿಂತಾಗ ಅವಳು ತಡೆದಳು. ಬರುವುದೇ ಆದರೆ ಮಾಸ್ಕ್ ಹಾಕಿಕೊಂಡು ಬಾ, ಇಲ್ಲವಾದರೆ ಫೋಟೋ ತೆಗೆಯುವಾಗ ದೂರ ನಿಲ್ಲು ಎಂದಳು. ಸತ್ಯಭಾಮಾ ಉಟ್ಟಿದ್ದ ಸೀರೆ ಬಿಚ್ಚಿ, ಮಡಚಿ ಒಳಗಿಟ್ಟಳು.

ಮೂರು ತಿಂಗಳಾಯಿತು. ಎಡಗಡೆಯ ಹಣೆಯಲ್ಲಿ ಗೆರೆ ಮತ್ತೆ ಮೂಡುತ್ತಿದ್ದಂತೆ ಡಾಕ್ಟರು ಎಡಗಡೆಗೇ ಮತ್ತೆ ಇಂಜೆಕ್ಷನ್ ಕೊಟ್ಟರು. ಬಲಗಡೆಯ ಮಾತು ತೆಗೆದರೆ ಮುಂದಿನ ಸಲ ಎನ್ನುತ್ತಿದ್ದರು. ಹೀಗೇ ವರ್ಷ ಕಳೆಯಿತು.

ಆ ವರ್ಷವಿಡೀ ಅವಳನ್ನು ತಿರುಗಿಸಿ ನೋಡದೆ ಇದ್ದವಳು ಒಬ್ಬಳೇ, ಕ್ಲಿನಿಕ್ಕಿನ ಕಸ ಗುಡಿಸುವ ವೀರಮ್ಮ. ಭದ್ರಾವತಿಯ ಓಲ್ಡ್ ಟೌನಿನವಳು, ಗಂಡ ತೀರಿಹೋಗಿದ್ದ. ಇಬ್ಬರೂ ದಿನಾ ಒಂದೇ ಬಸ್ಸಿನಲ್ಲಿ ಬರುವವರು, ಒಂದೇ ಬಸ್ಸಿನಲ್ಲಿ ಹೋಗುವವರು. ಬಸ್ಸಿನಲ್ಲಿ ಜನ ಮುಖ ನೋಡಿ ಪಿಸುಗುಟ್ಟುತ್ತಾರೆಂದು ಸತ್ಯಭಾಮಾ ಹೇಳಿದ್ದು ಒಂದೇ ಸಲ. ಮಾರನೆಯ ದಿನದಿಂದ ವೀರಮ್ಮ ನುಗ್ಗಿ ಹತ್ತಿ, ಬಲಗಡೆ ಕಿಟಕಿಯ ಸೀಟು ಹಿಡಿದು ಅವಳಿಗೆ ಕೊಡುತ್ತಿದ್ದಳು. ಬಲಗೆನ್ನೆ ಗಾಜಿನ ಕಡೆಗಿರಲಿ ಎಂದು. ಯಾಕೆ ಅಲ್ಲೇ ಹಿಡಿಯುತ್ತೀಯ ಎಂದು ಕೇಳಿದರೆ ಗಾಳಿ ಚೆನ್ನಾಗಿ ಬರುತ್ತದೆ ಎನ್ನುತ್ತಿದ್ದಳು. ವಯಸ್ಸಿನಲ್ಲಿ ಎರಡು ವರ್ಷ ದೊಡ್ಡವಳಾದರೂ ಸತ್ಯಭಾಮಾಳನ್ನು ಅಕ್ಕ ಎಂದೇ ಕರೆಯುತ್ತಿದ್ದಳು.

ಸ್ಫೂರ್ತಿಯನ್ನು ನೋಡಲು ಶಿವಮೊಗ್ಗದಿಂದ ಗಂಡಿನ ಕಡೆಯವರು ಬರುತ್ತಾರೆ ಎಂದಾದಾಗ ಸತ್ಯಭಾಮಾ ಗಟ್ಟಿ ಮನಸ್ಸು ಮಾಡಿ ಡಾಕ್ಟರ ಕೋಣೆಗೆ ಹೋದಳು. ಇನ್ನು ಆಗುವುದಿಲ್ಲ, ಬಲಗಡೆಯನ್ನೂ ಮಾಡಿಕೊಡಿ, ಇಲ್ಲವಾದರೆ ಎಡಗಡೆಯದನ್ನು ಕರಗಿಸಿಬಿಡಿ ಎಂದಳು. ಶರಣ್ಯಾ ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ.

"ಎರಡೂ ಕಡೆ ಮಾಡಿದ್ರೆ ನೀವು ಇಲ್ಲಿ ಕೂತು ಏನು ತೋರಿಸ್ತೀರಾ?" ಎಂದರು. ಆಮೇಲೆ ತಾವೇನೋ ಉಪಕಾರ ಮಾಡುತ್ತಿರುವವರ ಹಾಗೆ, "ನಿಮ್ಮ ಜಾಗಕ್ಕೆ ಒಬ್ಬರನ್ನ ಕರ್ಕೊಂಡು ಬನ್ನಿ. ಮುಖ ಚೆನ್ನಾಗಿ ಇಳಿದಿರ್ಬೇಕು. ಅವರಿಗೆ ಶುರು ಮಾಡಿದ ಮಾರನೇ ದಿನವೇ ನಿಮ್ದು ಮುಗಿಸ್ತೀನಿ," ಎಂದರು.

ಹೊರಗೆ ಬಂದಾಗ ವೀರಮ್ಮ ಬಗ್ಗಿ ನೆಲ ಒರೆಸುತ್ತಿದ್ದಳು. ಸತ್ಯಭಾಮಾ ಅಂದು ಮೊದಲ ಸಲ ಅವಳ ಮುಖವನ್ನು ಡಾಕ್ಟರು ನೋಡುವ ಹಾಗೆ ನೋಡಿದಳು. ಕೆನ್ನೆ ಬತ್ತಿತ್ತು. ಮೂಗಿನ ಪಕ್ಕದ ಗೆರೆ ಬಾಯಿಯವರೆಗೆ ಆಳವಾಗಿ ಇಳಿದಿತ್ತು. ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ ಎಂದುಕೊಂಡಳು.

ಒಪ್ಪಿಸಲು ಒಂದು ವಾರದ ಬಸ್ ಪ್ರಯಾಣ ಸಾಕಾಯಿತು. ನನ್ನ ಮುಖ ಯಾರು ನೋಡಬೇಕಾಗಿದೆ ಎಂದು ವೀರಮ್ಮ ಮೊದಮೊದಲು ನಕ್ಕಳು. ಸತ್ಯಭಾಮಾ ಬಿಡಲಿಲ್ಲ. ಟಾಯ್ಲೆಟ್ ತೊಳೆಯುವುದು ತಪ್ಪುತ್ತದೆ, ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕೂರಬಹುದು, ಒಳ್ಳೆಯ ಸೀರೆ ಉಡಬಹುದು, ನಾಲ್ಕು ಜನ ಮೇಡಂ ಎನ್ನುತ್ತಾರೆ ಎಂದಳು. ಕೊನೆಗೆ ವೀರಮ್ಮ ಎಲ್ಲರೂ ಕೇಳುವುದನ್ನೇ ಕೇಳಿದಳು. ನೋಯುತ್ತದೆಯೇ ಎಂದಳು, ಎಷ್ಟು ದಿನ ಇರುತ್ತದೆ ಎಂದಳು, ಏನಾದರೂ ಹೆಚ್ಚುಕಮ್ಮಿ ಆಗುತ್ತದೆಯೇ ಎಂದಳು. ಸತ್ಯಭಾಮಾ ಫೋನಿನಲ್ಲಿ ಹೇಳುವುದನ್ನೇ ಹೇಳಿದಳು.

"ಆಮೇಲೆ ನಿಮ್ಮನ್ನ ಮುಟ್ಟಿ ನೋಡಿದ ಹಾಗೆ ನನ್ನನ್ನೂ ಮುಟ್ತಾರಾ ಅಕ್ಕ?"

"ಇಲ್ಲ ಮಾರಾಯ್ತಿ. ಈಗ ಜನಕ್ಕೆ ಅಭ್ಯಾಸ ಆಗಿದೆ. ನಾನು ಪಕ್ಕದಲ್ಲೇ ಇರ್ತೀನಲ್ಲ," ಎಂದಳು ಸತ್ಯಭಾಮಾ.

ಮಾರನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಡಾಕ್ಟರು ವೀರಮ್ಮನ ಎಡಗೆನ್ನೆಗೆ, ಮೂಗಿನ ಪಕ್ಕಕ್ಕೆ ಫಿಲ್ಲರ್ ಹಾಕಿದರು. ಹೊರಗೆ ಜನ ಕಾಯುತ್ತಿದ್ದರು. ಸತ್ಯಭಾಮಾಳೇ ಅವಳ ಕೈ ಹಿಡಿದು ನಿಂತಿದ್ದಳು. ವೀರಮ್ಮ ಕಣ್ಣು ಮುಚ್ಚಿ, ಕಾಲಿನ ಹೆಬ್ಬೆರಳು ಬಿಗಿಹಿಡಿದು ಮಲಗಿದ್ದಳು. ಮುಗಿದ ಮೇಲೆ ಕನ್ನಡಿ ಕೊಟ್ಟರೆ ನಾಚಿಕೊಂಡು ನೋಡಲಿಲ್ಲ.

ಸಂಜೆಯ ಬಸ್ಸು ಮಲವಗೊಪ್ಪ ದಾಟುವಾಗ ವೀರಮ್ಮ ಕೆನ್ನೆ ತುಂಬಾ ಸಿಡಿಯುತ್ತಿದೆ ಎಂದಳು. ಸೂಜಿಯ ನೋವಲ್ಲ, ಒಳಗಿನಿಂದ ಯಾರೋ ಹಿಂಡಿದ ಹಾಗೆ ಎಂದಳು. ಸೆರಗು ಸರಿಸಿ ತೋರಿಸಿದಳು. ಕಿಟಕಿಯಿಂದ ಇಳಿಬಿಸಿಲು ನೇರವಾಗಿ ಮುಖಕ್ಕೆ ಬೀಳುತ್ತಿತ್ತು. ಮೂಗಿನ ಹೊಳ್ಳೆಯ ಪಕ್ಕ ಚರ್ಮ ಬಿಳಿಚಿಕೊಂಡಿತ್ತು, ಬೂದಿ ಬಳಿದ ಹಾಗೆ. ಅದರ ಸುತ್ತ, ಮೇಲ್ದುಟಿಯವರೆಗೆ, ಸಣ್ಣ ಬಲೆಯ ಹಾಗೆ ನೀಲಿಗೆರೆ.

ಸತ್ಯಭಾಮಾಳಿಗೆ ನೋಡಿದ ಕೂಡಲೇ ತಿಳಿಯಿತು. ಸಂದೇಹಕ್ಕೆ ಜಾಗವೇ ಇರಲಿಲ್ಲ. ಚೀಲದಿಂದ ಮೊಬೈಲ್ ತೆಗೆದು ಡಾಕ್ಟರ ನಂಬರ್ ತೆರೆದಳು. ಮಾಚೇನಹಳ್ಳಿಯಲ್ಲಿ ಇಳಿದು ಎದುರಿನ ಬಸ್ಸು ಹತ್ತಿದರೆ ಕತ್ತಲಾಗುವ ಮೊದಲು ದುರ್ಗಿಗುಡಿ ಸೇರಬಹುದಿತ್ತು. ಆದರೆ ನಾಳೆ ಬೆಳಿಗ್ಗೆ ಮೊದಲ ಇಂಜೆಕ್ಷನ್ ತನ್ನ ಬಲಗೆನ್ನೆಗೆ. ನಾಳಿದ್ದು ಡಾಕ್ಟರು ಬೆಂಗಳೂರಿಗೆ ಹೋಗುವವರು. ಎರಡು ವಾರ ಬಿಟ್ಟು ಭಾನುವಾರ ಗಂಡಿನ ಕಡೆಯವರು ಬರುವವರು. ಈಗ ಫೋನ್ ಮಾಡಿದರೆ ಗಾಬರಿಯಾಗುತ್ತದೆ, ಗಲಾಟೆಯಾಗುತ್ತದೆ, ನಾಳೆ ಕ್ಲಿನಿಕ್ ಮುಚ್ಚಿದರೂ ಮುಚ್ಚೀತು. ವೀರಮ್ಮ ಇನ್ನು ಬೇಡ ಎಂದರೆ ಆ ಕುರ್ಚಿಯಲ್ಲಿ ಮತ್ತೆ ತಾನೇ, ಇದೇ ಮುಖ ಹೊತ್ತು. ಬಸ್ಸು ಮಾಚೇನಹಳ್ಳಿಯಲ್ಲಿ ನಿಂತಿತು. ಫ್ಯಾಕ್ಟರಿ ಬಿಟ್ಟವರು ನೂಕಾಡಿಕೊಂಡು ಹತ್ತಿದರು. ಕಂಡಕ್ಟರ್ ಇಳಿಯುವವರು ಯಾರು ಎಂದು ಎರಡು ಸಲ ಕೂಗಿ ಸೀಟಿ ಊದಿದ. ಬಸ್ಸು ಹೊರಟಿತು.

ಸತ್ಯಭಾಮಾ ಮೊಬೈಲನ್ನು ಚೀಲಕ್ಕೆ ಹಾಕಿಕೊಂಡಳು.

"ಅದು ಕಾಮನ್ ವೀರಮ್ಮ, ಎಲ್ಲರಿಗೂ ಆಗುತ್ತೆ," ಎಂದಳು. "ಮನೆಗೆ ಹೋಗಿ ಐಸ್ ಇಟ್ಕೋ. ಬೆಳಿಗ್ಗೆ ಅಷ್ಟೊತ್ತಿಗೆ ಸರಿಹೋಗಿರುತ್ತೆ."

"ನೀವು ಹೇಳಿದ ಮೇಲೆ ಸರಿ ಬಿಡಿ ಅಕ್ಕ. ನಾನು ಏನೋ ಅಂತ ಹೆದರಿಬಿಟ್ಟಿದ್ದೆ," ಎಂದಳು ವೀರಮ್ಮ. ಸಮಾಧಾನವಾಗಿ, ನೋವು ತಡೆಯಲು ಅವಳ ಹೆಗಲ ಮೇಲೆ ತಲೆ ಇಟ್ಟಳು. ಸತ್ಯಭಾಮಾ ಹೆಗಲು ಸರಿಸಲಿಲ್ಲ. ಓಲ್ಡ್ ಟೌನಿನಲ್ಲಿ ಇಳಿಯುವಾಗ ವೀರಮ್ಮ ನಾಳೆ ನಿಮ್ಮದು ಚೆನ್ನಾಗಿ ಆಗಲಿ ಎಂದು ಹಾರೈಸಿಯೇ ಇಳಿದಳು.

ಮಾರನೆಯ ಬೆಳಿಗ್ಗೆ ಸತ್ಯಭಾಮಾ ದಿನದ ಬಸ್ಸಿಗೆ ಕಾಯದೆ ಅದಕ್ಕಿಂತ ಮೊದಲಿನದನ್ನೇ ಹತ್ತಿದಳು. ಡಾಕ್ಟರಿಗಿಂತ ಮೊದಲೇ ಹೋಗಿ ಬಾಗಿಲಲ್ಲಿ ನಿಂತಿದ್ದಳು. ಬಲಗೆನ್ನೆಗೆ ಮೊದಲ ಸೂಜಿ ಚುಚ್ಚಿದಾಗ ಹೊರಗೆ ವೀರಮ್ಮನ ದನಿ ಕೇಳಿತು. ಒಳಗೆ ಬಿಡಿ ಎಂದು ಯಾರನ್ನೋ ಬೇಡುತ್ತಿದ್ದಳು. ಡಾಕ್ಟರು ಏನದು ಎಂದರು. ಸತ್ಯಭಾಮಾ ಅಲ್ಲಾಡದೆ, ಗೊತ್ತಿಲ್ಲ ಮೇಡಂ, ಮುಗಿಸಿಬಿಡಿ ಎಂದಳು. ಡಾಕ್ಟರು ಮುಗಿಸಿದರು.

ಶರಣ್ಯಾ ಹೊರಗೆ ಬಂದು ಸೆರಗು ತೆಗೆಸಿ ನೋಡಿದರು. ರಾತ್ರಿಯೆಲ್ಲ ಐಸ್ ಇಟ್ಟುಕೊಂಡ ಆ ಜಾಗ ಈಗ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಹೊಳ್ಳೆಯ ಅಂಚು ಕಪ್ಪಾಗಿತ್ತು. ಕರಗಿಸುವ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟರು. ಇದು ಯಾವಾಗ ಶುರುವಾಯಿತು, ಯಾಕೆ ಹೇಳಲಿಲ್ಲ ಎಂದು ಗದರಿದರು.

"ಬಸ್ಸಲ್ಲೇ ಅಕ್ಕಂಗೆ ತೋರಿಸಿದ್ದೆ ಮೇಡಂ," ಎಂದಳು ವೀರಮ್ಮ. "ಕಾಮನ್ ಅಂದ್ರು."

ಡಾಕ್ಟರು ತಿರುಗಿದರು. ಸತ್ಯಭಾಮಾ ಬಲಗೆನ್ನೆಗೆ ಹತ್ತಿ ಒತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ನನಗೇನೂ ತೋರಿಸಿಲ್ಲ ಮೇಡಂ," ಎಂದಳು. "ಬಸ್ಸಲ್ಲಿ ನಿದ್ದೆ ಮಾಡ್ತಿದ್ಲು."

ಡಾಕ್ಟರಿಗೂ ಆ ಮಾತೇ ಬೇಕಾಗಿತ್ತು. ಹೇಳಿದ ಹಾಗೆ ಕೇಳುವುದಿಲ್ಲ, ಮನೆಗೆ ಹೋಗಿ ಉಜ್ಜಿಕೊಂಡಿದ್ದೀಯ, ಈಗ ಬೇರೆಯವರ ಮೇಲೆ ಹಾಕುತ್ತೀಯ ಎಂದು ವೀರಮ್ಮನಿಗೇ ಬೈದರು. ವೀರಮ್ಮ ಸತ್ಯಭಾಮಾಳನ್ನೇ ನೋಡುತ್ತ ಕೂತಿದ್ದಳು, ಅಕ್ಕನಿಗೆ ಎಲ್ಲೋ ಮರೆತಿರಬೇಕು, ಈಗ ನೆನಪಾಗುತ್ತದೆ ಎಂದು ಕಾಯುವವಳ ಹಾಗೆ.

ಮುಂದಿನ ವಾರಗಳಲ್ಲಿ ಸತ್ತ ಚರ್ಮ ಹಕ್ಕಳೆಗಟ್ಟಿ ಉದುರಿತು. ಎಡ ಹೊಳ್ಳೆಯ ಅಂಚು ಇಲಿ ಕಡಿದ ಹಾಗೆ ತಗ್ಗಾಯಿತು. ಅಲ್ಲಿಂದ ತುಟಿಯವರೆಗೆ ಒಂದು ಕಲೆ ಉಳಿದು, ತುಟಿಯನ್ನು ಸ್ವಲ್ಪ ಮೇಲಕ್ಕೆ ಎಳೆದು ನಿಲ್ಲಿಸಿತು. ಡಾಕ್ಟರು ಕೈಗೆ ಒಂದಷ್ಟು ಮುಲಾಮು ಕೊಟ್ಟು, ವಾಸಿಯಾಗುವ ತನಕ ಮುಂಬಾಗಿಲಿನಿಂದ ಬರಬೇಡ ಎಂದರು. ವಾಸಿಯಾದ ಮೇಲೆ ಬರಲೇಬೇಡ ಎಂದರು.

ಸತ್ಯಭಾಮಾಳ ಮುಖ ಎರಡೂ ಕಡೆ ಒಂದೇ ಆಯಿತು. ಆ ಭಾನುವಾರ ಬಂದ ಗಂಡಿನ ಕಡೆಯವರು ಒಪ್ಪಿಕೊಂಡರು. ನಿಶ್ಚಿತಾರ್ಥದ ಫೋಟೋಗಳಲ್ಲಿ ಸ್ಫೂರ್ತಿ ಅಮ್ಮನ ಕೆನ್ನೆಗೆ ಕೆನ್ನೆ ಒತ್ತಿ ನಿಂತಳು. ರವಿಶಂಕರ ಮತ್ತೆ ಮುಖ ನೋಡಿ ಮಾತಾಡತೊಡಗಿದ. ಸತ್ಯಭಾಮಾಳಿಗೆ ಪಶ್ಚಾತ್ತಾಪ ಆಗಲಿಲ್ಲವೆಂದಲ್ಲ. ಬಂತು, ಆದರೆ ಬಹಳ ಬೇಗ ಸಿಟ್ಟಾಗಿ ತಿರುಗಿತು. ಕೆನ್ನೆ ಅವಳದು, ಅಷ್ಟು ನೋಯುತ್ತಿದ್ದರೆ ಅವಳೇ ಇಳಿದು ವಾಪಸ್ ಹೋಗಬೇಕಿತ್ತು, ದೊಡ್ಡ ಹೆಂಗಸಲ್ಲವೇ ಎಂದು ತನಗೆ ತಾನೇ ಹೇಳಿಕೊಂಡಳು. ಬಸ್ಸಿನಲ್ಲಿ ಈಗ ಯಾವ ಸೀಟಾದರೂ ಆಗುತ್ತಿತ್ತು.

ಚಳಿಗಾಲದಲ್ಲಿ ಕ್ಲಿನಿಕ್ಕಿನವರು ಓಲ್ಡ್ ಟೌನಿನ ಒಂದು ಕಲ್ಯಾಣ ಮಂಟಪದಲ್ಲಿ ಉಚಿತ ಸಲಹಾ ಶಿಬಿರ ಇಟ್ಟರು. ಡಾಕ್ಟರು ತಡವಾಗಿ ಬರುವವರಿದ್ದರು. ಅಷ್ಟರವರೆಗೆ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ನೀವೇ ಉತ್ತರ ಕೊಡಿ ಎಂದು ಸತ್ಯಭಾಮಾಳಿಗೆ ಮೈಕ್ ಕೊಟ್ಟಿದ್ದರು. ಹಾಲ್ ತುಂಬಿತ್ತು. ಓಲ್ಡ್ ಟೌನಿನ ಅಂಗಡಿ ಮನೆತನದ ಹೆಂಗಸರು, ಬ್ಯಾಂಕಿನವರು, ಟೀಚರುಗಳು. ರೇಷ್ಮೆ ಸೀರೆಯಲ್ಲಿ ನಿಂತು ಸತ್ಯಭಾಮಾ ಚೆನ್ನಾಗಿ ಮಾತಾಡಿದಳು. ತನಗೆ ನಲವತ್ತೇಳು ಎಂದಾಗ ಸಭೆಯಲ್ಲಿ ಗುಜುಗುಜು ಎದ್ದಿತು.

ಹಿಂದಿನ ಬಾಗಿಲಿನಿಂದ ಒಬ್ಬಾಕೆ ಪೊರಕೆ ಗೋಡೆಗೆ ಒರಗಿಸಿ ಬಂದು, ಕೊನೆಯ ಸಾಲಿನ ಪಕ್ಕ ನಿಂತಳು. ಮುಖಕ್ಕೆ ಸೆರಗು ಅಡ್ಡ ಹಿಡಿದಿದ್ದಳು. ವೀರಮ್ಮ ಈಗ ಆ ಮಂಟಪದಲ್ಲೇ ಪಾತ್ರೆ, ಕಸ ನೋಡಿಕೊಳ್ಳುತ್ತಿದ್ದಾಳೆಂದು ಸತ್ಯಭಾಮಾಳಿಗೆ ಗೊತ್ತಿರಲಿಲ್ಲ. ಯಾರೋ ಅಪಾಯವೇನಾದರೂ ಇದೆಯೇ ಎಂದು ಕೇಳಿದ್ದಕ್ಕೆ, ಕಲಿತವರ ಕೈಯಲ್ಲಿ ಏನೂ ಭಯವಿಲ್ಲ ಎಂದು ಅವಳು ಹೇಳಿ ಮುಗಿಸಿದ್ದಳಷ್ಟೇ. ವೀರಮ್ಮ ಕೈ ಎತ್ತಿದಳು. ಕೆಲಸದವಳು ಏನು ಕೇಳುತ್ತಾಳೆಂದು ಕೆಲವರು ತಿರುಗಿ ನೋಡಿದರು.

"ಇಂಜೆಕ್ಷನ್ ಆದ ಮೇಲೆ ಮೂಗಿನ ಪಕ್ಕ ಬೆಳ್ಳಗಾಗಿ, ಸುತ್ತ ನೀಲಿ ಬಂದ್ರೆ ಏನ್ ಮಾಡ್ಬೇಕಕ್ಕ?"

ಮಂಟಪದಲ್ಲಿ ಎಲ್ಲರೂ ಉತ್ತರಕ್ಕೆ ಕಾದರು. ಮುಂದಿನ ಸಾಲಿನ ಟೀಚರೊಬ್ಬಳು ಬರೆದುಕೊಳ್ಳಲು ಪೆನ್ನು ತೆಗೆದಳು. ಸತ್ಯಭಾಮಾಳಿಗೆ ಗೊತ್ತಿಲ್ಲ ಎನ್ನುವ ಹಾಗಿರಲಿಲ್ಲ.

"ತಕ್ಷಣ ಡಾಕ್ಟರಿಗೆ ಫೋನ್ ಮಾಡ್ಬೇಕು," ಎಂದಳು. "ಒಂದು ನಿಮಿಷವೂ ಕಾಯಬಾರದು. ಐಸ್ ಇಡಬಾರದು. ಆಗಲೇ ಬಂದ್ರೆ ಪೂರ್ತಿ ಸರಿಹೋಗುತ್ತೆ."

"ಪೂರ್ತಿ ಸರಿಹೋಗುತ್ತಾ?"

"ಹೌದು."

ವೀರಮ್ಮ ಸೆರಗು ಕೆಳಗೆ ಬಿಟ್ಟಳು. ಹತ್ತಿರ ಕೂತಿದ್ದ ಹೆಂಗಸರು ಕುರ್ಚಿಯನ್ನು ಸ್ವಲ್ಪ ಆಚೆ ಎಳೆದುಕೊಂಡರು. ಅವಳು ಅವರ ಕಡೆ ನೋಡಲಿಲ್ಲ. "ಇದು ನಿಮಗೆ ಆವತ್ತು ಗೊತ್ತಿತ್ತೋ ಇಲ್ವೋ ಅಂತ ನಾನು ದಿನಾ ಯೋಚನೆ ಮಾಡ್ತಿದ್ದೆ," ಎಂದಳು. ಪೊರಕೆ ತೆಗೆದುಕೊಂಡು ಬಂದ ಬಾಗಿಲಿನಿಂದಲೇ ಹೋದಳು.

ಸತ್ಯಭಾಮಾ ಮೈಕನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಹೀಗೆ ಪಾರ್ಲರುಗಳಲ್ಲಿ ಅಗ್ಗಕ್ಕೆ ಮಾಡಿಸಿಕೊಂಡು ಮುಖ ಕೆಡಿಸಿಕೊಳ್ಳುವವರು ಬಹಳ ಜನ ಇದ್ದಾರೆ, ಅದಕ್ಕೇ ಡಾಕ್ಟರ ಹತ್ತಿರವೇ ಬರಬೇಕು ಎನ್ನುವುದು ಎಂದಳು. ಸಭೆ ತಲೆಯಾಡಿಸಿತು. ಮುಂದಿನ ಪ್ರಶ್ನೆ ಯಾರದು ಎಂದು ಕೇಳಿದಳು. ಯಾವ ವಯಸ್ಸಿನಿಂದ ಶುರುಮಾಡಬಹುದು ಎಂದು ಒಬ್ಬಾಕೆ, ಪಕ್ಕದಲ್ಲಿದ್ದ ಮಗಳ ಬೆನ್ನ ಮೇಲೆ ಕೈಯಿಟ್ಟು ಕೇಳಿದಳು. ಶಿಬಿರದಲ್ಲಿ ಅಂದು ಹೆಸರು ಕೊಟ್ಟವರು ಎಷ್ಟು ಜನವಾದರೆಂದರೆ, ಡಾಕ್ಟರು ಬಂದವರೇ ಸತ್ಯಭಾಮಾಳ ಕೈ ಕುಲುಕಿದರು.